ಹನ್ನೊಂದು ಸುತ್ತು ನೀರು

ಚೆಲುವರಾಜು ಸತ್ತ ಸುದ್ದಿ ಏಳನೇ ಕ್ರಾಸಿನವರಿಗೆ ತಿಳಿದದ್ದು ನಲ್ಲಿಯಲ್ಲಿ ನೀರು ಬಾರದೆ ಇದ್ದುದರಿಂದ. ಅವತ್ತು ಮಂಗಳವಾರ, ನೀರಿನ ದಿನ. ಎಂಟಕ್ಕೆ ಬರಬೇಕಾದ ನೀರು ಎಂಟೂವರೆಯಾದರೂ ಬರಲಿಲ್ಲವೆಂದು ನಾಲ್ಕು ಜನ ಹೆಂಗಸರು ಖಾಲಿ ಕೊಡ ಹಿಡಿದುಕೊಂಡೇ ಅವನ ಮನೆ ಬಾಗಿಲಿಗೆ ಜಗಳಕ್ಕೆ ಬಂದರು. ಬಂದ ಮೇಲೆ, ನೀರು ಬಿಡುವವನೇ ಇಲ್ಲವೆಂದು ಗೊತ್ತಾಗಿ, ಕೊಡ ಕೆಳಗಿಟ್ಟು ಅಳುವುದಕ್ಕೆ ಶುರು ಮಾಡಿದರು. ಆರನೇ ಕ್ರಾಸಿನ ವಾಲ್ವ್ ತೆರೆದು, ಅರ್ಧ ಗಂಟೆ ಕಾಯಬೇಕಲ್ಲ ಎಂದು ಮೂಲೆಯ ಟೀ ಅಂಗಡಿ ಬೆಂಚಿನ ಮೇಲೆ ಕೂತವನು ಗೋಡೆಗೆ ಒರಗಿದ್ದ. ಒರಗಿದವನು ಮತ್ತೆ ಏಳಲಿಲ್ಲ. ನಿದ್ದೆ ಹತ್ತಿರಬೇಕೆಂದು ಅಂಗಡಿಯವನು ಟೀ ಲೋಟದ ಮೇಲೆ ಒಂದು ತಟ್ಟೆ ಮುಚ್ಚಿಟ್ಟಿದ್ದ.

ನಿಲ್ಲಿಸುವವರಿಲ್ಲದೆ ಆರನೇ ಕ್ರಾಸಿಗೆ ಮಾತ್ರ ಅವತ್ತು ಎರಡು ಗಂಟೆ ನೀರು ಬಂತು. ಸಾವಿನ ಮನೆಗೆ ಮೊದಲು ಬಂದವರೂ ಅವರೇ, ಎಲ್ಲರೂ ತಲೆಗೆ ಸ್ನಾನ ಮಾಡಿಕೊಂಡೇ ಬಂದಿದ್ದರು.

ಕೆರೆಯಂಗಳ ಬಡಾವಣೆ ಇರುವುದು ಮೇಟಗಳ್ಳಿಯಿಂದ ಸ್ವಲ್ಪ ಆಚೆಗೆ. ಹೆಸರೇ ಹೇಳುವ ಹಾಗೆ ಅಲ್ಲೊಂದು ಕೆರೆಯಿತ್ತು. ನೀರು ತುಂಬಿಕೊಂಡಿದ್ದ ಜಾಗಕ್ಕೆ ಲಾರಿಗಟ್ಟಲೆ ಮಣ್ಣು ಸುರಿದು ಮುಚ್ಚಿ, ಅದರ ಮೇಲೆ ಮನೆ ಕಟ್ಟಿಕೊಂಡು, ಅಂದಿನಿಂದ ನೀರಿಲ್ಲ ನೀರಿಲ್ಲ ಎಂದು ಗೋಳಾಡುತ್ತಿರುವ ಬುದ್ಧಿವಂತರ ಬಡಾವಣೆ ಅದು. ಏಳು ಕ್ರಾಸು. ದಿನ ಬಿಟ್ಟು ದಿನ ನೀರು. ಬೆಳಿಗ್ಗೆ ಐದಕ್ಕೆ ಒಂದನೇ ಕ್ರಾಸಿನಿಂದ ಶುರುವಾದರೆ ಒಂದೊಂದಕ್ಕೆ ಅರ್ಧ ಗಂಟೆ. ಕೊನೆಯ ಏಳನೇ ಕ್ರಾಸಿನಲ್ಲೇ ಚೆಲುವರಾಜುವಿನ ಮನೆ. ಆ ಕೆರೆಯ ಏರಿ ಪಕ್ಕ ಅವನ ಅಪ್ಪನಿಗೆ ಗದ್ದೆಯಿತ್ತಂತೆ. ಗದ್ದೆ ಹೋಯಿತು, ಕೆರೆ ಹೋಯಿತು, ಮಗ ಅದೇ ಜಾಗದಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ದುಡಿದ. ಗುತ್ತಿಗೆಯ ಕೆಲಸ. ಮುಂದಿನ ವರ್ಷ ಖಾಯಂ ಮಾಡುತ್ತೇವೆ ಎಂದು ಅವನಿಗೆ ಇಪ್ಪತ್ತಾರು ಸಲ ಹೇಳಿದ್ದರು.

ಕೆಲಸ ನೋಡುವುದಕ್ಕೆ ಸುಲಭ. ಪ್ರತಿ ಕ್ರಾಸಿನ ಮೂಲೆಯಲ್ಲೂ ನೆಲದೊಳಗೆ ಒಂದು ಗುಂಡಿ, ಅದರ ಮೇಲೊಂದು ಕಲ್ಲಿನ ಮುಚ್ಚಳ. ಮುಚ್ಚಳ ಸರಿಸಿ, ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಒಳಗಿಳಿಸಿ ತಿರುಗಿಸಬೇಕು. ಕೆರೆಯ ತಳವಾದ್ದರಿಂದ ಏರಿಲ್ಲ, ಇಳಿಜಾರಿಲ್ಲ. ಎಲ್ಲ ವಾಲ್ವುಗಳನ್ನೂ ಒಂದೇ ಅಳತೆಗೆ ತಿರುಗಿಸಿದರೆ ಎಲ್ಲರಿಗೂ ಒಂದೇ ಅಳತೆಯ ನೀರು. ಆ ಅಳತೆ ಹನ್ನೊಂದು ಸುತ್ತು.

ಎರಡು ವರ್ಷದ ಹಿಂದೆ ಚೆಲುವರಾಜುವಿನ ಮಂಡಿ ಕೈಕೊಟ್ಟಿತು. ಮಗಳು ಸಿಂಚನ ಆಗ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ದಿನಕ್ಕೆ ನಾನೂರು ಕಾಲರ್. ಶರ್ಟಿನ ಉಳಿದ ಭಾಗ ಹೇಗಿರುತ್ತದೆಂದು ಅವಳು ನೋಡಿದ್ದೇ ಇಲ್ಲ. ಆ ಕೆಲಸಕ್ಕೆ ಕೈಮುಗಿದು ಅವಳು ಅಪ್ಪನ ಜೊತೆ ಹೊರಟಳು. ಅಪ್ಪ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ, ಮಗಳು ತಿರುಗಿಸುತ್ತಿದ್ದಳು. ಮೊದಲ ದಿನವೇ ಏಳನೇ ಕ್ರಾಸಿಗೆ ಬಂದಾಗ ಹತ್ತು ಸುತ್ತಿಗೆ ಅವನು, "ಸಾಕು ನಿಲ್ಸು," ಎಂದ.

"ಇನ್ನೂ ಹತ್ತೇ ಆಗಿದ್ದು ಅಪ್ಪ."

"ನಮ್ ಬೀದಿಗೆ ಹತ್ತೇಯ. ನಾಳೆ ಯಾರಾದ್ರೂ ಪಕ್ಕದಲ್ಲೇ ನಿಂತ್ಕಂಡು ಎಣ್ಸುದ್ರೂ ನನ್ ಮೇಲೆ ಮಾತ್ ಬರ್ಬಾರ್ದು ನೋಡು. ನಿಮ್ಮವ್ವಂಗೆ ಮಾತ್ರ ಹೇಳ್ಬ್ಯಾಡ."

ಅಮ್ಮ ಬೈಯುತ್ತಾಳೆಂದು ಹೆದರಿರಬೇಕು ಎಂದುಕೊಂಡು ಅವಳು ಹೇಳಲಿಲ್ಲ. ಇನ್ನೊಂದು ವಿಷಯವನ್ನೂ ಅವಳು ಗಮನಿಸಿದ್ದಳು. ಅವಳು ಗುಂಡಿಯ ಹತ್ತಿರ ಬಗ್ಗಿ ಬೆವರು ಸುರಿಸುವಾಗ ಅಪ್ಪ ಯಾವುದಾದರೊಂದು ಗೇಟಿನ ಹತ್ತಿರ ಹೋಗಿ, ಆ ಮನೆಯವರ ಕಿವಿಯಲ್ಲಿ ಏನೋ ಪಿಸುಗುಟ್ಟಿ ಬರುತ್ತಿದ್ದ. ಏನದು ಎಂದರೆ, "ಸುಮ್ನೆ, ಯೋಗಕ್ಷೇಮ," ಎನ್ನುತ್ತಿದ್ದ.

ಅವನು ಸತ್ತ ದಿನ ಸಿಂಚನ ಜ್ವರ ಬಂದು ಮಲಗಿದ್ದಳು. ಅದೊಂದು ದಿನ ಅಪ್ಪನೇ ಕೀಲಿ ತಿರುಗಿಸಿದ್ದು.

ಅಪ್ಪನ ಕೆಲಸ ಅವಳಿಗೆ ಬೇಕಿತ್ತು. ಮನೆ ನಡೆಯಬೇಕು ಎನ್ನುವುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಬೆಳಿಗ್ಗೆ ಐದು ಗಂಟೆಗೆ ಬಡಾವಣೆಯೆಲ್ಲ ಮಲಗಿರುವಾಗ ಕೀಲಿ ಹೆಗಲಿಗಿಟ್ಟುಕೊಂಡು ನಡೆಯುವುದು ಅವಳಿಗೆ ಇಷ್ಟವಾಗಿತ್ತು, ಕಾಲರಿನ ಮುಂದೆ ಮತ್ತೆ ಹೋಗಿ ಕೂರುವುದು ಅವಳಿಂದ ಆಗದ ಮಾತು. ತಿಥಿ ಮುಗಿದ ಮಾರನೇ ದಿನವೇ ಗುತ್ತಿಗೆದಾರ ಮಹೇಶನನ್ನು ಹೋಗಿ ಕೇಳಿದಳು. ಅವನು ಫೋನಿನಿಂದ ತಲೆಯೆತ್ತದೆ, "ಹೆಣ್ಮಕ್ಳಿಗೆ ವಾಲ್ವ್ ಕೆಲಸ ಕೊಟ್ರೆ ನಾಳೆ ನನ್ನ ತಲೆಗೆ ಬರುತ್ತೆ ಕಣಮ್ಮ," ಎಂದ. ಆಮೇಲೆ ಸ್ವಲ್ಪ ಯೋಚಿಸಿ ಹೊಣೆಯನ್ನು ಇನ್ನೊಬ್ಬರ ತಲೆಗೆ ದಾಟಿಸುವ ದಾರಿ ಹುಡುಕಿದ. "ಏಳು ಕ್ರಾಸಿನಿಂದಲೂ ಒಬ್ಬೊಬ್ಬರು, ಈ ಹುಡುಗಿಯೇ ಬೇಕು ಅಂತ ಸಹಿ ಮಾಡಿದ ಒಂದು ಪತ್ರ ತಗೊಂಡು ಬಾ. ಮುಂದಿನ ಬುಧವಾರದೊಳಗೆ. ಇಲ್ಲದಿದ್ರೆ ಬನ್ನಿಮಂಟಪದ ಕಡೆಯವನೊಬ್ಬ ಕಾಯ್ತಾ ಇದಾನೆ."

ಬನ್ನಿಮಂಟಪದವನನ್ನು ಆಗಲೇ ತಾತ್ಕಾಲಿಕವಾಗಿ ಕಳಿಸಿಯೂ ಆಗಿತ್ತು. ಅವನು ಕೈ ನೋಯುವವರೆಗೆ ತಿರುಗಿಸುತ್ತಿದ್ದ, ನೋವು ಬಂದಲ್ಲಿಗೆ ನಿಲ್ಲಿಸುತ್ತಿದ್ದ. ಒಂದು ದಿನ ಎರಡನೇ ಕ್ರಾಸಿನವರ ಸಂಪು ತುಂಬಿ ರಸ್ತೆಗೆ ಹರಿದರೆ ನಾಲ್ಕನೇ ಕ್ರಾಸಿನವರು ಬಾಯಿ ಮುಕ್ಕಳಿಸುವುದಕ್ಕೂ ಪಕ್ಕದ ಬೀದಿಗೆ ಹೋಗಬೇಕಾಯಿತು.

ಇಂಥ ಹೊತ್ತಿನಲ್ಲಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಚೆಲುವರಾಜುವಿನ ಮೇಲೆ ಪ್ರೀತಿ ಉಕ್ಕಿತು. ಭಾನುವಾರ ಸಂಜೆ ನಾಲ್ಕಕ್ಕೆ ನುಡಿನಮನ ಎಂದು ನಿಶ್ಚಯವಾಯಿತು. ಸಂಘದ ಅಧ್ಯಕ್ಷ ಪ್ರೇಮ್‌ಕುಮಾರ್ ಒಂದನೇ ಕ್ರಾಸಿನವರು, ಕಾರ್ಖಾನೆಯೊಂದರ ಸ್ಟೋರಿನಲ್ಲಿ ಆಫೀಸರಾಗಿದ್ದು ನಿವೃತ್ತರಾದವರು. ಮೈಕು ಕಂಡರೆ ನಿವೃತ್ತಿಯನ್ನು ಮರೆಯುತ್ತಾರೆ. ಪತ್ರವನ್ನು ಅವರೇ ಚೆಂದದ ಕನ್ನಡದಲ್ಲಿ ಟೈಪು ಮಾಡಿಸಿಟ್ಟಿದ್ದರು. "ಸಭೆಯ ಕೊನೇಲಿ ಎಲ್ಲರ ಮುಂದೆ ಏಳು ಸಹಿ ಹಾಕಿಸಿ ನಿನ್ನ ಕೈಗೆ ಕೊಡ್ತೀನಮ್ಮ. ಫೋಟೋನೂ ಚೆನ್ನಾಗಿ ಬರುತ್ತೆ," ಎಂದಿದ್ದರು.

ಭಾನುವಾರ, ಹಬ್ಬಕ್ಕೆ ಗಣಪತಿ ಕೂರಿಸುವ ಶೆಡ್ಡಿನಲ್ಲಿ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಚೆಲುವರಾಜುವಿನ ಫೋಟೋ ಎಂದು ಇದ್ದದ್ದು ಆಧಾರ್ ಕಾರ್ಡಿನದೊಂದೇ. ಲಷ್ಕರ್ ಮೊಹಲ್ಲಾದ ಸ್ಟುಡಿಯೋದವನು ಅದರಿಂದ ತಲೆಯನ್ನಷ್ಟೇ ತೆಗೆದು, ಕುತ್ತಿಗೆಯ ಕೆಳಗೆ ನೀಲಿ ಕೋಟು, ಕೆಂಪು ಟೈ ಜೋಡಿಸಿಕೊಟ್ಟಿದ್ದ. ಹುಟ್ಟಿದಾರಭ್ಯ ಮೇಲಿನ ಎರಡು ಗುಂಡಿ ಹಾಕದ ಮನುಷ್ಯ ಸತ್ತ ಮೇಲೆ ಟೈ ಕಟ್ಟಿಕೊಂಡು ನಿಂತಿದ್ದ. ಪಕ್ಕದಲ್ಲಿ ಕೈಮುಗಿದ ಪ್ರೇಮ್‌ಕುಮಾರರ ಫೋಟೋ ಅದಕ್ಕಿಂತ ಒಂದು ಗೇಣು ದೊಡ್ಡದು. ಯಾರು ಸತ್ತಿದ್ದಾರೆಂದು ಹೊಸಬರಿಗೆ ಅನುಮಾನ ಬರುವಂತಿತ್ತು.

ಚೆಲುವರಾಜುವಿನ ಹೆಂಡತಿ ದೇವಿರಮ್ಮ ಫ್ಲೆಕ್ಸನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ಇದ್ಯಾರೇ ಸಿಂಚನಾ?" ಎಂದಳು.

"ಅಪ್ಪ ಕಣಮ್ಮ."

"ಓ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ವೇದಿಕೆಯ ಮೇಲೆ ಕೂರಿಸಿ ಕೊರಳಿಗೊಂದು ಹಾರ ಹಾಕಲು ಬಂದರು. ಗಂಡ ಸತ್ತವರಿಗೆ ಹಾರ ಹಾಕುತ್ತಾರೆಯೇ ಎಂದು ಯಾರೋ ಪಿಸುಗುಟ್ಟಿದ ಮೇಲೆ ಆ ಹಾರ ಪ್ರೇಮ್‌ಕುಮಾರರ ಕೊರಳಿಗೆ ಬಿತ್ತು.

ಬದುಕಿರುವಾಗ "ಏನ್ಲಾ ಚೆಲುವ, ನೀರೆಲ್ಲೋ?" ಎನ್ನುತ್ತಿದ್ದ ಬಡಾವಣೆ ಅವತ್ತು ಬಾಯ್ತುಂಬ "ಶ್ರೀಯುತ ಚೆಲುವರಾಜುರವರು" ಎಂದಿತು. ಅವರು ಒಬ್ಬ ವ್ಯಕ್ತಿಯಲ್ಲ, ಶಕ್ತಿ ಎಂದಿತು. ತುಂಬಲಾರದ ನಷ್ಟ ಎಂದಿತು. ಪ್ರೇಮ್‌ಕುಮಾರರು ಇಪ್ಪತ್ತೆರಡು ನಿಮಿಷ ಮಾತನಾಡಿದರು. ಅದರಲ್ಲಿ ಹದಿನೆಂಟು ನಿಮಿಷ ತಮ್ಮ ಸ್ಟೋರಿನ ಬಗ್ಗೆ, ಉಳಿದ ನಾಲ್ಕು ನಿಮಿಷ ಚೆಲುವರಾಜುವಿಗೆ ತಮ್ಮ ಮೇಲಿದ್ದ ಗೌರವದ ಬಗ್ಗೆ. ಸಿಂಚನ ಮುಂದಿನ ಸಾಲಿನಲ್ಲಿ ಕೂತು ಮೇಜಿನ ಮೇಲಿದ್ದ ಪತ್ರವನ್ನೇ ನೋಡುತ್ತಿದ್ದಳು. ಪತ್ರ ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ನೀರಿನ ಬಾಟಲಿ ಇಟ್ಟಿದ್ದರು.

"ಇವತ್ತು ಅವರು ನಮ್ಮೊಂದಿಗಿಲ್ಲ," ಎಂದು ಪ್ರೇಮ್‌ಕುಮಾರರು ದನಿ ತಗ್ಗಿಸಿದರು. "ಆದ್ದರಿಂದ ಒಂದು ಗುಟ್ಟು ಹೇಳಬಹುದು ಅಂದ್ಕೋತೀನಿ. ನಮ್ಮ ಒಂದನೇ ಕ್ರಾಸಿಗೆ ಅವರು ಒಂದು ಸುತ್ತು ನೀರು ಜಾಸ್ತಿ ಬಿಡ್ತಿದ್ರು. 'ಸಾರ್, ನಿಮ್ ಮುಖ ನೋಡಿ ಬುಡ್ತಾ ಇವ್ನಿ, ಯಾರ್ಗೂ ಹೇಳ್ಬ್ಯಾಡಿ' ಅಂದಿದ್ರು. ಹದಿನಾರು ವರ್ಷ ನಾನು ಬಾಯಿ ಬಿಡಲಿಲ್ಲ. ಅಂಥ ನಂಬಿಕೆ ನಮ್ಮಿಬ್ಬರದು."

ಕಣ್ಣೀರು ಒರೆಸಿಕೊಳ್ಳಲು ಅವರು ಕನ್ನಡಕ ತೆಗೆದರು. ಆ ಬಿಡುವಿನಲ್ಲಿ ಮೂರನೇ ಕ್ರಾಸಿನ ಸಿದ್ದಲಿಂಗಮ್ಮ ಎದ್ದು ನಿಂತಳು. ಭಜನಾ ಮಂಡಳಿಯ ಮುಖ್ಯಸ್ಥೆ, ಅವಳಿಗೆ ಮೈಕು ಬೇಕಾಗಿಲ್ಲ.

"ಏನ್ ಸಾರ್ ಹಿಂಗಂತೀರಿ? ಒಂದು ಸುತ್ತು ಜಾಸ್ತಿ ಬಿಡ್ತಿದ್ದದ್ದು ನಮ್ಮ ಮೂರನೇ ಕ್ರಾಸಿಗೆ. ನಮ್ಮ ಗೇಟಿನ ಹತ್ರ ನಿಂತ್ಕೊಂಡು, ನನ್ನ ಕೈಯ ಒಬ್ಬಟ್ಟು ತಿಂದು ಹೇಳಿದಾರೆ ಕಣ್ರೀ. ನಿಮಗ್ ಮಾತ್ರ ಕಣಕ್ಕ ಅಂತ."

"ಒಬ್ಬಟ್ಟು ಹಬ್ಬದಲ್ಲೊಂದ್ ದಿನ," ಎಂದು ಹಿಂದಿನಿಂದ ಐದನೇ ಕ್ರಾಸಿನ ದೇವರಾಜು ಗುಡುಗಿದ. ಹಿಟ್ಟಿನ ಮಿಲ್ಲಿನವನು, ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು. "ನಾನು ಇಪ್ಪತ್ತಾರು ವರ್ಸ ಕಾಪಿ ಕುಡ್ಸಿವ್ನಿ ಅವನ್ಗೆ. ಜಾಸ್ತಿ ಬುಡ್ತಿದ್ದುದು ನಮ್ ಐದ್ನೇ ಕ್ರಾಸ್‌ಗೆ. ಯಾರ್ಗೂ ಹೇಳ್ಬ್ಯಾಡಿ ಅಣ್ಣ ಅಂದಿದ್ದ, ಅದ್ಕೆ ಹೇಳಿರ್ನಿಲ್ಲ."

ಅಲ್ಲಿಂದ ಸಭೆ ಹಳಿ ತಪ್ಪಿತು. ಎರಡನೇ ಕ್ರಾಸಿನಿಂದ ಒಂದು ಕೈ ಎದ್ದಿತು, ನಾಲ್ಕನೇ ಕ್ರಾಸಿನಿಂದ ಎರಡು. ಆರನೇ ಕ್ರಾಸಿನ ಮುದುಕರೊಬ್ಬರು ತಮ್ಮ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟನ್ನು ಹೆಂಡತಿಯ ಪಕ್ಕದಲ್ಲೇ ಕೂತು ಹೇಳಿದರು. ಅಪ್ಪ ಗೇಟುಗಳ ಹತ್ತಿರ ವಿಚಾರಿಸುತ್ತಿದ್ದ ಯೋಗಕ್ಷೇಮ ಯಾವುದೆಂದು ಸಿಂಚನಳಿಗೆ ಆಗ ಅರ್ಥವಾಯಿತು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು. ಎಲ್ಲರಿಗೂ ಸಮನಾಗಿ ಕೊಟ್ಟು, ಎಲ್ಲರಿಗೂ ಜಾಸ್ತಿ ಸಿಕ್ಕಿತೆಂಬ ಖುಷಿಯನ್ನೂ ಕೊಟ್ಟು ಹೋಗಿದ್ದಾನೆ. ಇದಕ್ಕಿಂತ ಚೆನ್ನಾಗಿ ಆ ಕೆಲಸವನ್ನು ಯಾರು ಮಾಡಿಯಾರು?

ಸಭೆಗೆ ಹಾಗನ್ನಿಸಲಿಲ್ಲ.

"ಅಂಗಾದ್ರೆ ಯಾರ್ಗೂ ಜಾಸ್ತಿ ಬುಟ್ಟಿಲ್ಲ!" ಎಂದ ದೇವರಾಜು. ಲೆಕ್ಕ ಅವನಿಗೆ ಆಗಷ್ಟೇ ಹೊಳೆದಿತ್ತು. "ಎಲ್ಲಾರ್ಗೂ ಸಮ ಬುಟ್ಟವ್ನೆ! ಇದ್ಕಿಂತ ಮೋಸ ಇನ್ನೇನಿದ್ದದು ಹೇಳಿ?"

ಯಾರೂ ನಗಲಿಲ್ಲ. ಎಲ್ಲರೂ ತಲೆಯಾಡಿಸಿದರು. ಅನ್ಯಾಯವಾದರೆ ಸಹಿಸಿಕೊಂಡಾರು, ನ್ಯಾಯವನ್ನು ಹೇಗೆ ಸಹಿಸುವುದು? ಇಪ್ಪತ್ತಾರು ವರ್ಷ ಪಕ್ಕದ ಬೀದಿಗಿಂತ ತಮ್ಮ ಬೀದಿಗೆ ಜಾಸ್ತಿ ಎಂದು ಒಳಗೊಳಗೇ ಹಿಗ್ಗಿದ್ದೆಲ್ಲ ಒಂದೇ ಗಳಿಗೆಯಲ್ಲಿ ಮಣ್ಣಾಗಿತ್ತು. ಶ್ರೀಯುತ ಚೆಲುವರಾಜುರವರು ಮತ್ತೆ "ಆ ಚೆಲುವ" ಆದರು. ಸಿದ್ದಲಿಂಗಮ್ಮನಿಗೆ ಒಬ್ಬಟ್ಟಿನ ನೆನಪಾಗಿ ಹೊಟ್ಟೆ ಉರಿಯಿತು.

"ಸುಳ್ಳುಗಾರ ಕಣ್ರೀ," ಎಂದು ಯಾರೋ ಅಂದರು.

ಪ್ರೇಮ್‌ಕುಮಾರರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಸಾಕ್ಷಿ ಇಲ್ಲೇ ಇದೆಯಲ್ಲ. ಸಿಂಚನ, ಎರಡು ವರ್ಷದಿಂದ ತಿರುಗಿಸ್ತಾ ಇದ್ದದ್ದು ನೀನೇ. ನಿಜ ಹೇಳಮ್ಮ. ಯಾರಿಗೆ ಎಷ್ಟು?"

ಅವಳು ಎದ್ದು ನಿಂತಳು. ಹೆದರಿಕೆಯೇನೂ ಆಗಲಿಲ್ಲ. ಹೇಳಬೇಕಾದ್ದು ಅವಳ ಬಳಿ ಸಿದ್ಧವಾಗಿತ್ತು. ನಿಮಗೆಲ್ಲ ಹನ್ನೊಂದು, ನಮ್ಮ ಬೀದಿಗೆ ಹತ್ತು. ಅಷ್ಟು ಹೇಳಿದರೆ ಮುಗಿಯಿತು, ಯಾರ ಬಾಯೂ ಮೇಲೇಳುವ ಹಾಗಿಲ್ಲ. ತನ್ನ ಮನೆಗೇ ಕಡಿಮೆ ಬಿಟ್ಟುಕೊಂಡವನ ಮಗಳಿಗೆ ಸಹಿ ಹಾಕುವುದಿಲ್ಲ ಎನ್ನಲು ಈ ಜನಕ್ಕೂ ನಾಚಿಕೆಯಾಗುತ್ತದೆ. ಅಪ್ಪ ಹತ್ತಕ್ಕೆ ನಿಲ್ಲಿಸುತ್ತಿದ್ದದ್ದು ಇಂಥದೊಂದು ದಿನಕ್ಕಾಗಿಯೇ ಇರಬೇಕು. ಅವಳು ಬಾಯಿ ತೆರೆಯುವಷ್ಟರಲ್ಲಿ ವೇದಿಕೆಯ ಮೇಲಿದ್ದ ದೇವಿರಮ್ಮ ಎದ್ದಳು.

ದೇವಿರಮ್ಮ ಸಭೆಯಲ್ಲಿ ಮಾತಾಡಿದವಳಲ್ಲ. ಮೈಕಿನಿಂದ ದೂರ ಸರಿದು ನಿಂತು ಮಾತಾಡಿದಳು. ಆದರೂ ಎಲ್ಲರಿಗೂ ಕೇಳಿಸಿತು.

"ನಮ್ಮನೆಯವ್ರು ಸುಳ್ಳ್ ಹೇಳೋರಲ್ಲ. ನಿಮ್ಗೆಲ್ಲ ಯಾಕಂಗಂದ್ರೋ ನಂಗೊತ್ತಿಲ್ಲ. ಆದ್ರೆ ನಮ್ ಬೀದಿಗೆ ಒಂದ್ ಸುತ್ತು ಜಾಸ್ತಿ ಬುಡ್ತಿದ್ದುದು ಮಾತ್ರ ನಿಜ. ಈ ಬೀದಿಗ್ ಬಂದ ಹೊಸ್ತರಲ್ಲಿ ನೀರ್ ಹೊತ್ತು ಹೊತ್ತು ನನ್ ಸೊಂಟ ಬಿದ್ದೋಗಿತ್ತು. ಅವತ್ತು ಅಂದ್ರು, 'ನಿನ್ ಸಲ್ವಾಗಿ ಒಂದ್ ಸುತ್ತು ಜಾಸ್ತಿ ತಿರುಗುಸ್ತೀನಿ ಕಣಮ್ಮಿ, ಯಾರ್ಗೂ ಹೇಳ್ಬ್ಯಾಡ' ಅಂತ. ಇಲ್ಲೀಗಂಟ ಯಾರ್ಗೂ ಹೇಳಿರ್ನಿಲ್ಲ. ನೀವು ಅವ್ರನ್ನ ಸುಳ್ಳ ಅಂದ್ರಲ್ಲ, ಅದ್ಕೆ ಹೇಳ್ದೆ."

ಏಳನೇ ಕ್ರಾಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಡ್ರಮ್ಮು ಒಂದು ದಿನವೂ ಕಂಠಮಟ್ಟ ತುಂಬಿದ್ದಿಲ್ಲ. ಆದರೂ ತಮಗೇ ಜಾಸ್ತಿ ಸಿಗುತ್ತಿತ್ತು ಎಂಬ ಕೀರ್ತಿ ತಾನಾಗಿ ಮನೆಗೆ ಬಂದಿರುವಾಗ ಬೇಡ ಎನ್ನುವಷ್ಟು ಪೆದ್ದರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಎದೆಯುಬ್ಬಿಸಿ ಕೂತರು.

"ಓಹೋ," ಎಂದರು ಪ್ರೇಮ್‌ಕುಮಾರರು. "ಹಾಗಾದರೆ ನೀರು ಹೋಗ್ತಿದ್ದದ್ದು ಅಲ್ಲಿಗೆ. ಏನಮ್ಮ ಸಿಂಚನ, ನಿಮ್ಮ ತಾಯಿ ಹೇಳಿದ್ದು ನಿಜವಾ?"

ಸಿಂಚನ ವೇದಿಕೆಯ ಕಡೆ ನೋಡಿದಳು. ಅಮ್ಮ ನಿಂತೇ ಇದ್ದಳು. ಸತ್ತ ದಿನದಿಂದ ಬಗ್ಗಿಸಿಕೊಂಡೇ ಇದ್ದ ತಲೆಯನ್ನು ಅವಳು ಈಗ ಎತ್ತಿದ್ದಳು. ಎತ್ತಿದ ಆ ತಲೆಯಲ್ಲಿ ಒಂದು ಗತ್ತಿತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಚೆಲುವರಾಜು ಹೆಂಡತಿಗೆ ಒಂದು ಒಳ್ಳೆಯ ಸೀರೆ ತಂದವನಲ್ಲ, ದಸರೆಯ ದೀಪ ತೋರಿಸುವುದಕ್ಕೂ ಎರಡು ಸಲಕ್ಕಿಂತ ಹೆಚ್ಚು ಕರೆದುಕೊಂಡು ಹೋದವನಲ್ಲ. ಅವನು ಅವಳಿಗೆ ಕೊಟ್ಟಿದ್ದು ಆ ಒಂದು ಸುತ್ತು. ಅದನ್ನೂ ಕೊಟ್ಟಿರಲಿಲ್ಲ. ಹೆಂಡತಿಗೆ ಮಾತ್ರ ಹೇಳಬೇಡ ಎಂದು ಅವನು ಮಗಳಿಗೆ ಅಂದದ್ದು ಬೈಗುಳಕ್ಕೆ ಹೆದರಿಯಲ್ಲ.

ಮೇಜಿನ ಮೇಲಿನ ಪತ್ರ ಅವಳಿಗೆ ಕಾಣುತ್ತಿತ್ತು. ನಾನೂರು ಕಾಲರುಗಳೂ ಕಂಡವು. ಅಪ್ಪನ ಮೇಲೆ ಸಿಟ್ಟು ಬಂತು. ಇದ್ದಬದ್ದವರಿಗೆಲ್ಲ ಒಂದೊಂದು ಸುಳ್ಳು ಹಂಚಿ, ಅದನ್ನು ಕಾಯುವ ಕೆಲಸವನ್ನು ಮಗಳ ತಲೆಗೆ ಕಟ್ಟಿ ಟೀ ಅಂಗಡಿಯಲ್ಲಿ ಹಾಯಾಗಿ ಒರಗಿಬಿಟ್ಟಿದ್ದ.

"ಹೌದು," ಎಂದಳು. "ನಿಮಗೆಲ್ಲ ಹನ್ನೊಂದು. ನಮ್ಮ ಬೀದಿಗೆ ಹನ್ನೆರಡು."

ಆಮೇಲೆ ನಡೆದದ್ದನ್ನು ನುಡಿನಮನ ಎನ್ನಲಾಗದು. ಪ್ರೇಮ್‌ಕುಮಾರರು ಸಹಿಗೆಂದು ತೆರೆದಿಟ್ಟಿದ್ದ ಪೆನ್ನಿನ ಮುಚ್ಚಳವನ್ನು ಎಲ್ಲರಿಗೂ ಕಾಣುವಂತೆ ಹಾಕಿ ಜೇಬಿಗಿಟ್ಟುಕೊಂಡರು. ಸಾರ್ವಜನಿಕ ಸ್ವತ್ತು, ಸ್ವಜನ ಪಕ್ಷಪಾತ ಎಂಬ ಮಾತುಗಳು ಕೇಳಿಬಂದವು. ನಾವೆಲ್ಲ ಬಾಯಾರಿದಾಗ ಅವನ ಹೆಂಡತಿ ಅಂಗಳಕ್ಕೆ ನೀರು ಚೆಲ್ಲುತ್ತಿದ್ದಳು ಎಂದು ಸಿದ್ದಲಿಂಗಮ್ಮ ಹೇಳಿದಳು. ಇಷ್ಟೆಲ್ಲ ಆದರೂ ಉಪ್ಪಿಟ್ಟು, ಕೇಸರಿಬಾತನ್ನು ಮಾತ್ರ ಯಾರೂ ಬಹಿಷ್ಕರಿಸಲಿಲ್ಲ. ಎರಡನೇ ಸಲ ಹಾಕಿಸಿಕೊಂಡೇ ಬೈದರು. ಫ್ಲೆಕ್ಸನ್ನು ದೇವರಾಜು ಸುರುಳಿ ಸುತ್ತಿ ಮಿಲ್ಲಿಗೆ ಒಯ್ದ. ರಾಗಿ ಮೂಟೆಗಳಿಗೆ ಹೊದಿಸಲು ಅಂಥದೊಂದು ಬೇಕಿತ್ತಂತೆ.

ಒಂದೂ ಸಹಿಯಿಲ್ಲದ ಪತ್ರವನ್ನು ಸಿಂಚನ ಮಡಿಸಿ ಮನೆಗೆ ತಂದಳು. ದಾರಿಯಲ್ಲಿ ದೇವಿರಮ್ಮ, "ನೀನೂ ಹೇಳ್ದಲ್ಲ ಮಗ, ಒಳ್ಳೇದಾಯ್ತು. ಇಲ್ಲದಿದ್ರೆ ಅವ್ರನ್ನ ಸುಳ್ಳ ಅಂತಲೇ ಅಂದ್ಕಳೋರು," ಎಂದಳು. ಅವತ್ತು ರಾತ್ರಿ ಊಟಕ್ಕೆ ಅವಳು ಎರಡನೇ ಮುದ್ದೆ ಮುರಿದಳು, ಗಂಡ ಸತ್ತ ಮೇಲೆ ಮೊದಲ ಸಲ. ಸಿಂಚನ ತಟ್ಟೆ ಬದಿಗಿಟ್ಟಳು. ಹಳೆಯ ಗಾರ್ಮೆಂಟ್ಸಿನ ಸೂಪರ್‌ವೈಸರನ ನಂಬರು ಇನ್ನೂ ಫೋನಿನಲ್ಲಿದೆಯೇ ಎಂದು ಹುಡುಕಿ ನೋಡಿದಳು. ಇತ್ತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಸಿದ್ದಲಿಂಗಮ್ಮ ಸೆರಗಿನಡಿ ಒಂದು ಸ್ಟೀಲ್ ಡಬ್ಬಿ ಮುಚ್ಚಿಕೊಂಡು ನಿಂತಿದ್ದಳು.

"ಒಬ್ಬಟ್ಟು ಮಾಡಿದ್ದೆ. ನಿನ್ನೆ ಏನೋ ಸಿಟ್ಟಲ್ಲಿ ಒಂದ್ ಮಾತು ಅಂದೆ, ಮನಸ್ಸಿಗೆ ಹಚ್ಕೋಬೇಡ. ಪತ್ರ ಎಲ್ಲಮ್ಮ? ಕೊಡು ಇಲ್ಲಿ." ಗೋಡೆಗೆ ಒತ್ತಿಹಿಡಿದು ಸಹಿ ಮಾಡಿದಳು. ಮಾಡಿ ದನಿ ತಗ್ಗಿಸಿದಳು. "ನಿಮ್ಮಪ್ಪ ನಿಮ್ಮ ಬೀದೀನ ಹೆಂಗೆ ನೋಡ್ಕೊಂಡ್ರೋ, ನೀನು ನಮ್ಮ ಬೀದೀನ ಹಂಗೇ ನೋಡ್ಕೋ. ಹನ್ನೆರಡು. ನಮಗ್ ಮಾತ್ರ."

ಸಿಂಚನಳಿಗೆ ಆಗ ತನ್ನ ಬಡಾವಣೆ ಪೂರ್ತಿಯಾಗಿ ಅರ್ಥವಾಯಿತು. ಎಲ್ಲರಿಗೂ ಸಮ ಬಿಡುವವಳಾದರೆ ಅವಳೇ ಯಾಕೆ ಬೇಕು, ಬನ್ನಿಮಂಟಪದವನೂ ಆಗುತ್ತಾನೆ. ಒಂದು ಬೀದಿಗೆ ಜಾಸ್ತಿ ಬಿಟ್ಟು ಇಪ್ಪತ್ತಾರು ವರ್ಷ ದಕ್ಕಿಸಿಕೊಂಡ ಮನೆತನದವಳಾದರೆ ಆ ಮಾತೇ ಬೇರೆ. ಸಭೆಯಲ್ಲಿ ಅವಳು ಕೊಟ್ಟದ್ದು ತಪ್ಪೊಪ್ಪಿಗೆ ಎಂದುಕೊಂಡಿದ್ದಳು. ಇವರು ಅದನ್ನು ಅರ್ಹತಾ ಪತ್ರ ಎಂದು ತೆಗೆದುಕೊಂಡಿದ್ದರು.

"ನೋಡೋಣ ಆಂಟಿ," ಎಂದಳು.

"ಅಷ್ಟಂದ್ಯಲ್ಲ, ಸಾಕು," ಎಂದು ಸಿದ್ದಲಿಂಗಮ್ಮ ಕಣ್ಣು ಮಿಟುಕಿಸಿ ಹಿತ್ತಲಿನಿಂದಲೇ ಹೋದಳು.

ಮಧ್ಯಾಹ್ನ ದೇವರಾಜು ಎರಡು ಕೇಜಿ ರಾಗಿ ಹಿಟ್ಟಿನೊಂದಿಗೆ ಬಂದ. ಹಿತ್ತಲ ಬಾಗಿಲಿಗೇ ಬಂದ. ಮಂಗಳವಾರ ಎರಡನೇ ಕ್ರಾಸು, ನಾಲ್ಕನೇ ಕ್ರಾಸು ಬಂದವು. ಆರನೇ ಕ್ರಾಸಿನ ಮುದುಕರು ಈ ಸಲ ಹೆಂಡತಿಯನ್ನೂ ಜೊತೆಗೆ ಕರೆತಂದಿದ್ದರು. ಏಳನೇ ಕ್ರಾಸಿನ ಪರವಾಗಿ ಪಕ್ಕದ ಮನೆಯವಳು ಸಹಿ ಹಾಕಿ, "ಇರೋ ಜಾಸ್ತೀನ ಕಮ್ಮಿ ಮಾಡ್ಬೇಡ ತಾಯಿ," ಎಂದು ಕೈಮುಗಿದಳು. ಎಲ್ಲರಿಗೂ ಸಿಂಚನ ಹೇಳಿದ್ದು ಒಂದೇ ಮಾತು, ನೋಡೋಣ. ಅದರಲ್ಲಿ ಯಾವ ಸುಳ್ಳೂ ಇರಲಿಲ್ಲ. ಬೇಕಾದ್ದನ್ನು ಅವರೇ ಕೇಳಿಸಿಕೊಂಡು ಹೋದರು.

ಪ್ರೇಮ್‌ಕುಮಾರರು ಮಾತ್ರ ಬುಧವಾರ ಬೆಳಿಗ್ಗೆ ಮುಂದಿನ ಬಾಗಿಲಿನಿಂದ ಬಂದರು. ಅಧ್ಯಕ್ಷರಲ್ಲವೇ! ಕುರ್ಚಿಯಲ್ಲಿ ಕೂತು, ಸತ್ಯ ಹೇಳುವ ಧೈರ್ಯ ಇಂದಿನ ಯುವಜನರಲ್ಲಿ ಎಷ್ಟು ಅಪರೂಪವೆಂದು ಹತ್ತು ನಿಮಿಷ ವಿವರಿಸಿದರು. ಅಂಥ ಧೈರ್ಯವನ್ನು ಸಂಘ ಪ್ರೋತ್ಸಾಹಿಸಬೇಕಾಗುತ್ತದೆ ಎಂದರು. ಪೆನ್ನಿನ ಮುಚ್ಚಳ ತೆಗೆದು, ಅತ್ತಿತ್ತ ನೋಡಿ, "ಒಂದನೇ ಕ್ರಾಸು ಅಂದರೆ ಬಡಾವಣೆಯ ಮುಖ ಇದ್ದ ಹಾಗೆ. ಮುಖಕ್ಕೆ ನೀರು ಸ್ವಲ್ಪ ಜಾಸ್ತಿ ಬೇಕಾಗುತ್ತೆ, ಅಲ್ವೇನಮ್ಮ?" ಎಂದು ಸಹಿ ಮಾಡಿದರು.

ಮಹೇಶ ಏಳು ಸಹಿಗಳನ್ನೂ ಎರಡೆರಡು ಸಲ ನೋಡಿದ. "ಈ ಏಳು ಜನ ಒಂದೇ ಕಾಗದದ ಮೇಲೆ ಒಪ್ಪಿ ಸಹಿ ಮಾಡಿದ್ದು ನಾನು ಇದೇ ಮೊದಲು ನೋಡ್ತಿರೋದು," ಎಂದ. ಕೆಲಸ ಅವಳದಾಯಿತು. ಮುಂದಿನ ವರ್ಷ ಖಾಯಂ ಮಾಡುತ್ತೇವೆ ಎಂದೂ ಹೇಳಿದ.

ಗುರುವಾರ ನೀರಿನ ದಿನ. ಐದು ಗಂಟೆಗೆ ಕೀಲಿ ಹೊತ್ತು ಹೊರಟಳು. ಒಂದನೇ ಕ್ರಾಸಿಗೆ ಹನ್ನೊಂದು, ಎರಡಕ್ಕೆ ಹನ್ನೊಂದು, ಮೂರಕ್ಕೆ ಹನ್ನೊಂದು. ಮೂರನೇ ಕ್ರಾಸಿನಲ್ಲಿ ಸಿದ್ದಲಿಂಗಮ್ಮ ಗೇಟಿನ ಹಿಂದಿನಿಂದ, ನೀರಿನ ರಭಸ ಎಷ್ಟಿದೆ ಎಂದು ಎರಡೂ ಕೈಯಗಲಿಸಿ ತೋರಿಸಿ ಸಂತೋಷದಿಂದ ತಲೆಯಾಡಿಸಿದಳು. ಬನ್ನಿಮಂಟಪದವನ ನೀರನ್ನು ಎರಡು ವಾರ ಕಂಡವರಿಗೆ ಹನ್ನೊಂದು ಸುತ್ತು ಎಂದರೆ ಹನ್ನೆರಡಕ್ಕಿಂತ ಜಾಸ್ತಿಯೇ. ಟೀ ಅಂಗಡಿಯ ಬೆಂಚನ್ನು ದಾಟುವಾಗ ಅವಳು ಆ ಕಡೆ ನೋಡಲಿಲ್ಲ.

ಎಂಟು ಗಂಟೆಗೆ ಏಳನೇ ಕ್ರಾಸು. ಮುಚ್ಚಳ ಸರಿಸಿ ಕೀಲಿ ಇಳಿಸಿ ತಿರುಗಿಸಿದಳು. ಹತ್ತಕ್ಕೆ ಕೈ ತಾನಾಗಿ ನಿಂತಿತು. ಅಪ್ಪ ಪಕ್ಕದಲ್ಲಿ ನಿಂತು ಸಾಕು ಎನ್ನುತ್ತಿದ್ದ ಜಾಗ ಅದು. ಅಮ್ಮ ಸಭೆಯಲ್ಲಿ ಹೇಳಿದ್ದನ್ನು ಪೂರ್ತಿ ನಿಜ ಮಾಡಲು ಅವಳಿಂದ ಆಗುವುದಿಲ್ಲ, ಹನ್ನೆರಡು ಎಂದರೆ ಇನ್ನೊಬ್ಬರದನ್ನು ಕಸಿದಂತೆ. ಆದರೆ ಉಳಿದವರಷ್ಟು ನೀರು ಅಮ್ಮನಿಗೂ ಸಿಕ್ಕರೆ ತಪ್ಪೇನು? ಅವಳು ಕಾಲೂರಿ ಹನ್ನೊಂದನೇ ಸುತ್ತು ತಿರುಗಿಸಿದಳು. ಆ ವಾಲ್ವ್ ಅಷ್ಟು ತಿರುಗಿ ಅಭ್ಯಾಸವಿರಲಿಲ್ಲವೋ ಏನೋ, ಒಮ್ಮೆ ಕಿರುಗುಟ್ಟಿ ಆಮೇಲೆ ದಾರಿ ಬಿಟ್ಟಿತು.

ಅರ್ಧ ಗಂಟೆ ಬಿಟ್ಟು ವಾಲ್ವ್ ಮುಚ್ಚಿ ಮನೆಗೆ ಬಂದಾಗ ಅಂಗಳವೆಲ್ಲ ಒದ್ದೆಯಾಗಿತ್ತು. ಡ್ರಮ್ಮು ತುಂಬಿ, ಎರಡು ಕೊಡ ತುಂಬಿ, ಬಕೆಟ್ಟು, ಬಚ್ಚಲ ಹಂಡೆಯೂ ತುಂಬಿ, ಮಿಕ್ಕ ನೀರು ಮೆಟ್ಟಿಲಿಳಿದು ಬೀದಿಗೆ ಹರಿದಿತ್ತು. ಆ ಮನೆಯ ಡ್ರಮ್ಮಿನಲ್ಲಿ ನೀರು ಅಂಚು ಮುಟ್ಟಿದ್ದನ್ನು ಸಿಂಚನ ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ದೇವಿರಮ್ಮ ಒದ್ದೆ ಕಾಲಿನಲ್ಲಿ, ಸೀರೆ ಮೇಲೆ ಸಿಕ್ಕಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ನಿಂತುಹೋದ ನಲ್ಲಿಯನ್ನು ನೋಡುತ್ತ ನಿಂತಿದ್ದಳು.

"ಇಷ್ಟೇಯೇನೇ?" ಎಂದಳು. "ನಿಮ್ಮಪ್ಪ ಬುಡ್ತಿದ್ದಾಗ ಇದ್ರ ಎಲ್ಡರಷ್ಟ್ ಬರ್ತಿತ್ತು. ನಮ್ ಬೀದಿ ಜಾಸ್ತಿ ಸುತ್ತು ಬುಡ್ನಿಲ್ವಾ ನೀನು?"

ಸಿಂಚನ ಹೆಗಲ ಮೇಲಿನ ಕೀಲಿಯನ್ನು ಗೋಡೆಗೆ ಒರಗಿಸಿದಳು.

"ಬಿಟ್ಟೆ ಕಣಮ್ಮ," ಎಂದಳು. "ಅಪ್ಪ ಬಿಟ್ಟ ಹಾಗೆ ನನಗೆ ಬರಲ್ಲ."

"ಅವ್ರಂಗೆ ಎಂಗ್ ಬಂದದು," ಎಂದು ದೇವಿರಮ್ಮ ಸಮಾಧಾನದಿಂದ ಹೇಳಿ, ಅಂಗಳದಲ್ಲಿ ನಿಂತ ನೀರನ್ನು ಪೊರಕೆಯಿಂದ ಬೀದಿಗೆ ಗುಡಿಸತೊಡಗಿದಳು.